ಎಂಟು ತಿಂಗಳಾದರೂ ಗಿಟಾರಿನಲ್ಲಿ ಕಾರ್ಡ್ ಬದಲಿಸುವಾಗ ಕೈ ನಿಲ್ಲುತ್ತದೆ, ಎಫ್ ಹಿಡಿದರೆ ಜಿರ್ರ್ ಅನ್ನುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಕೌಸ್ಟಿಕ್ ಗಿಟಾರ್ ಶುರು ಮಾಡಿ ಎಂಟು ತಿಂಗಳಾಯಿತು. ವಿಡಿಯೋ ನೋಡಿಯೇ ಕಲಿಯುತ್ತಿದ್ದೇನೆ. ದಿನಕ್ಕೆ ಒಂದು ಗಂಟೆ ತಪ್ಪದೆ ಕೂರುತ್ತೇನೆ. ಜಿ, ಸಿ, ಡಿ, ಇ ಮೈನರ್ ಕಾರ್ಡುಗಳನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಒಂದೊಂದೇ ಹಿಡಿದರೆ ಚೆನ್ನಾಗಿ ಕೇಳಿಸುತ್ತವೆ. ಹಾಡು ಶುರು ಮಾಡಿದರೆ ಮಾತ್ರ ಜಿಯಿಂದ ಸಿಗೆ ಹೋಗುವ ಜಾಗದಲ್ಲಿ ಪ್ರತಿ ಸಲವೂ ಒಂದು ಕ್ಷಣ ನಿಂತುಬಿಡುತ್ತೇನೆ.

ಎರಡನೇ ತೊಂದರೆ ಎಫ್ ಬಾರ್ ಕಾರ್ಡ್, ಅಂದರೆ ತೋರುಬೆರಳನ್ನು ತಂತಿಗಳ ಮೇಲೆ ಅಡ್ಡ ಮಲಗಿಸಿ ಹಿಡಿಯುವುದು. ಒಂದನೇ, ಎರಡನೇ ತಂತಿ ಸತ್ತಂತೆ ಕೇಳಿಸುತ್ತವೆ, ಇಲ್ಲವೇ ಜಿರ್ರ್ ಅನ್ನುತ್ತವೆ. ಹತ್ತು ನಿಮಿಷ ಒತ್ತಿದರೆ ಹೆಬ್ಬೆರಳಿನ ಬುಡ ನೋಯುತ್ತದೆ. ಹೊಸ ತಂತಿ ಹಾಕಿಸಿದೆ. ಮೆಟ್ರೊನೋಮ್ (ತಾಳ ಎಣಿಸುವ ಸಾಧನ) ನಿಮಿಷಕ್ಕೆ 90 ಎಣಿಕೆಗೆ ಇಟ್ಟು ನುಡಿಸಿದೆ. ಏನೂ ಬದಲಾಗಲಿಲ್ಲ. ನನ್ನ ಬೆರಳು ಚಿಕ್ಕದಾಯಿತಾ, ಅಥವಾ ಗಿಟಾರೇ ಸರಿಯಿಲ್ಲವಾ?

ಉತ್ತರ

ಮೊದಲು ನಾಲ್ಕು ವಿಷಯ ಹೇಳಿ. ಹಾಡಿನ ನಡುವೆ ತಪ್ಪಿದರೆ ಮತ್ತೆ ಎಲ್ಲಿಂದ ಶುರು ಮಾಡುತ್ತೀರಿ? ಎಡಗೈ ಕಾರ್ಡ್ ಬದಲಿಸುವಾಗ ಬಲಗೈ ಏನು ಮಾಡುತ್ತಿರುತ್ತದೆ? ಎಫ್ ಹಿಡಿಯುವ ರೀತಿಯಲ್ಲೇ ಐದನೇ ಫ್ರೆಟ್‌ನಲ್ಲಿ (ಗಿಟಾರಿನ ಕತ್ತಿನ ಮೇಲೆ ಲೋಹದ ಸರಿಗೆಗಳ ನಡುವಿನ ಐದನೇ ಮನೆಯಲ್ಲಿ) ಹಿಡಿದರೆ ಹೇಗೆ ಕೇಳಿಸುತ್ತದೆ? ಕೂತಾಗ ಫ್ರೆಟ್‌ಬೋರ್ಡಿನ ಮುಖ ನಿಮಗೆ ಪೂರ್ತಿ ಕಾಣುತ್ತದಾ?

ಪ್ರಶ್ನೆ ಕೇಳಿದವರು

ತಪ್ಪಿದರೆ ಹಾಡಿನ ಮೊದಲಿನಿಂದಲೇ ಶುರು ಮಾಡುತ್ತೇನೆ. ಬದಲಿಸುವಾಗ ಬಲಗೈ ನಿಲ್ಲುತ್ತದೆ, ಬೆರಳು ಕೂತ ಮೇಲೆ ಮತ್ತೆ ಬಾರಿಸುತ್ತೇನೆ. ಐದನೇ ಫ್ರೆಟ್‌ನಲ್ಲಿ ಈಗ ನೋಡಿದೆ, ಆರರಲ್ಲಿ ಐದು ತಂತಿ ಸ್ಪಷ್ಟವಾಗಿ ಬಂದವು, ನನಗೇ ಆಶ್ಚರ್ಯ! ಹೌದು, ಬೆರಳು ಕಾಣಲಿ ಅಂತ ಗಿಟಾರನ್ನು ನನ್ನ ಕಡೆ ಒರಗಿಸಿಕೊಂಡು ಕೂರುತ್ತೇನೆ.

ಉತ್ತರ

ಬೆರಳಿನ ಚಿಂತೆ ಬಿಡಿ. ಅದೇ ಬೆರಳು ಐದನೇ ಫ್ರೆಟ್‌ನಲ್ಲಿ ಐದು ತಂತಿ ಹಿಡಿಯಿತು ಅಲ್ವಾ.

ಮೊದಲು ಜಿ-ಸಿ ವಿಷಯ, ಅದೇ ದೊಡ್ಡದು. ಕೈಗೆ ಸರಿ ತಪ್ಪು ಗೊತ್ತಾಗುವುದಿಲ್ಲ. ಯಾವುದನ್ನು ಜಾಸ್ತಿ ಸಲ ಮಾಡಿಸಿದಿರೋ ಅದನ್ನೇ ಕಲಿಯುತ್ತದೆ. ಎಂಟು ತಿಂಗಳಿಂದ ನೀವು "ಜಿ ಆಯಿತು, ನಿಲ್ಲು, ಸಿ" ಅಂತ ಕಲಿಸಿದ್ದೀರಿ. ಆ ನಿಲ್ಲುವುದೂ ಹಾಡಿನ ಭಾಗ ಅಂತ ಕೈ ಅಂದುಕೊಂಡಿದೆ. ಜೊತೆಗೆ ಪ್ರತಿ ಸಲ ಮೊದಲಿನಿಂದ ಶುರು ಮಾಡುವುದರಿಂದ ಬರುವ ಸಾಲನ್ನೇ ಮತ್ತೆ ಮತ್ತೆ ನುಡಿಸುತ್ತೀರಿ. ಬಾರದ ಜಾಗಕ್ಕೆ ಆ ಒಂದು ಗಂಟೆಯಲ್ಲಿ ಸಿಗುವುದು ಒಂದೆರಡು ನಿಮಿಷ ಅಷ್ಟೇ.

ಹಾಡನ್ನು ಎರಡು ವಾರ ಪಕ್ಕಕ್ಕಿಡಿ. ಎಡಗೈ ಬೆರಳುಗಳನ್ನು ಆರೂ ತಂತಿಗಳ ಮೇಲೆ ಒತ್ತದೆ ಸುಮ್ನೆ ಮಲಗಿಸಿ. ಮೆಟ್ರೊನೋಮ್ 60ಕ್ಕೆ ಇಟ್ಟು ಬಲಗೈ ಮಾತ್ರ ಆಡಿಸಿ. ಎಣಿಕೆಗೆ ಕೆಳಗೆ, ಎರಡು ಎಣಿಕೆಯ ನಡುವೆ ಮೇಲೆ. ಟಕ್ ಟಕ್ ಸದ್ದು ಬಂದರೆ ಸಾಕು. ಎರಡು ನಿಮಿಷ ಹೀಗೆ ಮಾಡಿ, ಆಮೇಲೆ ನಾಲ್ಕು ಎಣಿಕೆ ಜಿ, ನಾಲ್ಕು ಎಣಿಕೆ ಸಿ. ಇಲ್ಲಿ ಒಂದೇ ನಿಯಮ: ಏನೇ ಆದರೂ ಬಲಗೈ ನಿಲ್ಲಬಾರದು. ಸಿ ಪೂರ್ತಿ ಕೂರದಿದ್ದರೆ ಅರ್ಧ ಸಿಯನ್ನೇ ಬಾರಿಸಿ, ಖಾಲಿ ತಂತಿಯನ್ನೇ ಬಾರಿಸಿ. ಕೆಟ್ಟದಾಗಿ ಕೇಳಿಸುತ್ತದೆ, ಕೇಳಿಸಲಿ. ಚೆನ್ನಾಗಿ ನುಡಿಸುವವರು ಕೂಡ ನಾಲ್ಕನೇ ಎಣಿಕೆಯ ನಂತರ ಮೇಲಕ್ಕೆ ಹೋಗುವ ಹೊಡೆತವನ್ನು ಎಷ್ಟೋ ಸಲ ಖಾಲಿ ತಂತಿಯ ಮೇಲೇ ಬಾರಿಸುತ್ತಾರೆ. ಅಷ್ಟು ಹೊತ್ತಿಗೆ ಬೆರಳುಗಳು ಮುಂದಿನ ಕಾರ್ಡಿಗೆ ಹೊರಟಾಗಿರುತ್ತವೆ. ಲಯ ಮುರಿಯದಿದ್ದರೆ ಕೇಳುವವರ ಕಿವಿಗೆ ಅದು ಬೀಳುವುದೇ ಇಲ್ಲ.

ಜಿ ಹಿಡಿಯುವ ಬೆರಳುಗಳನ್ನೂ ಒಮ್ಮೆ ನೋಡಿಕೊಳ್ಳಿ. ಆರನೇ ತಂತಿ, ಅಂದರೆ ಎಲ್ಲಕ್ಕಿಂತ ದಪ್ಪದ್ದು, ಮೂರನೇ ಫ್ರೆಟ್‌ನಲ್ಲಿ ಉಂಗುರ ಬೆರಳು. ಐದನೇ ತಂತಿ ಎರಡನೇ ಫ್ರೆಟ್‌ನಲ್ಲಿ ನಡುಬೆರಳು. ಒಂದನೇ ತಂತಿ ಮೂರನೇ ಫ್ರೆಟ್‌ನಲ್ಲಿ ಕಿರುಬೆರಳು. ಹೀಗೆ ಹಿಡಿದರೆ ಸಿಗೆ ಹೋಗುವಾಗ ಉಂಗುರ ಬೆರಳು, ನಡುಬೆರಳು ಎರಡೂ ಜೋಡಿಯಾಗಿ ಪಕ್ಕದ ತಂತಿಗೆ ಇಳಿದರೆ ಆಯಿತು, ಫ್ರೆಟ್ ಬದಲಾಗುವುದಿಲ್ಲ. ಕಿರುಬೆರಳು ಏಳುತ್ತದೆ, ತೋರುಬೆರಳು ಎರಡನೇ ತಂತಿಯ ಮೊದಲ ಫ್ರೆಟ್‌ಗೆ ಬರುತ್ತದೆ. ಬೆರಳುಗಳನ್ನು ಒಂದೊಂದಾಗಿ ಕೂರಿಸುವ ಅಭ್ಯಾಸವಿದ್ದರೆ ಅದನ್ನು ಬಿಡಿಸಬೇಕು. ಸಿ ಹಿಡಿದು, ಎಲ್ಲ ಬೆರಳುಗಳನ್ನೂ ಅಕ್ಕಿಕಾಳಿನಷ್ಟು ಮೇಲೆತ್ತಿ, ಒಟ್ಟಿಗೆ ಇಳಿಸಿ. ದಿನಕ್ಕೆ ಇಪ್ಪತ್ತು ಸಲ ಸಾಕು.

90ರಲ್ಲಿ ಬಾರದ್ದನ್ನು 90ರಲ್ಲೇ ನೂರು ಸಲ ನುಡಿಸಿದರೆ ನೂರು ತಪ್ಪು ಅಭ್ಯಾಸವಾಗುತ್ತದೆ. 60ರಲ್ಲಿ ಸತತ ಐದು ಸಲ ತಪ್ಪಿಲ್ಲದೆ ಬಂದ ಮೇಲೆ 65ಕ್ಕೆ ಹೋಗಿ.

ಈಗ ಎಫ್. ಎಲ್ಲ ಆರು ತಂತಿಗಳನ್ನೂ ತೋರುಬೆರಳೇ ಒತ್ತಬೇಕು ಅಂದುಕೊಂಡು ನೀವು ಹಿಂಡುತ್ತಿದ್ದೀರಿ ಅನಿಸುತ್ತದೆ. ಐದು, ನಾಲ್ಕು, ಮೂರನೇ ತಂತಿಗಳನ್ನು ಬೇರೆ ಬೆರಳುಗಳು ಹಿಡಿದಿವೆ. ತೋರುಬೆರಳಿಗೆ ಉಳಿಯುವುದು ಆರು, ಎರಡು, ಒಂದು, ಈ ಮೂರೇ. ನಡುವೆ ಎಷ್ಟು ಒತ್ತಿದರೂ ವ್ಯರ್ಥ. ಬೆರಳನ್ನು ಹೆಬ್ಬೆರಳಿನ ಕಡೆಗೆ ಸ್ವಲ್ಪ ಹೊರಳಿಸಿ, ಮೂಳೆ ಇರುವ ಪಕ್ಕ ತಂತಿಗೆ ತಾಗಲಿ. ಕೀಲಿನ ಗೆರೆಯ ಕೆಳಗೆ ತಂತಿ ಬಿದ್ದರೆ ಅದು ನುಡಿಯುವುದಿಲ್ಲ. ಹಾಗಿದ್ದರೆ ಬೆರಳನ್ನು ಕೊಂಚ ಮೇಲೆ ಅಥವಾ ಕೆಳಗೆ ಸರಿಸಿ. ಬೆರಳು ಫ್ರೆಟ್ ಸರಿಗೆಗೆ ಒತ್ತಿಕೊಂಡಂತೆ ಹಿಂದೆಯೇ ಇರಲಿ, ದೂರ ಹೋದಷ್ಟೂ ಜಾಸ್ತಿ ಬಲ ಬೇಕು.

ನೋವಿಗೆ ಮುಖ್ಯ ಕಾರಣ ಗಿಟಾರ್ ಒರಗಿಸುವುದೇ ಅಂತ ನನ್ನ ಅನುಮಾನ. ಫ್ರೆಟ್‌ಬೋರ್ಡ್ ನಿಮ್ಮ ಕಡೆ ತಿರುಗಿದರೆ ಮಣಿಕಟ್ಟು ಜಾಸ್ತಿ ಬಾಗುತ್ತದೆ, ಆಮೇಲೆ ಹೆಬ್ಬೆರಳು ಹಿಂಡಲೇಬೇಕಾಗುತ್ತದೆ. ಗಿಟಾರ್ ನೇರ ನಿಲ್ಲಲಿ, ಕೂತಾಗಲೂ ಭುಜದ ಪಟ್ಟಿ ಹಾಕಿಕೊಳ್ಳಿ. ಹೆಬ್ಬೆರಳು ಗಿಟಾರಿನ ಕತ್ತಿನ ಹಿಂದೆ, ನಡುಬೆರಳಿನ ಎದುರಿಗಿರಲಿ. ತೋಳಿನ ಭಾರದಿಂದ ಹಿಂದಕ್ಕೆ ಎಳೆಯಿರಿ. ಒಂದು ವಾರ ಐದನೇ ಫ್ರೆಟ್‌ನಲ್ಲೇ ಮಾಡಿ, ಅಲ್ಲಿ ಇದು ಎ ಮೇಜರ್. ಆಮೇಲೆ ನಾಲ್ಕು, ಮೂರು ಅಂತ ಕೆಳಗೆ ಬನ್ನಿ.

ಗಿಟಾರನ್ನೂ ಒಮ್ಮೆ ಪರೀಕ್ಷಿಸಿ. ಮೊದಲ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿಗಳನ್ನೂ ಒತ್ತಿಹಿಡಿಯುವ ಕ್ಲಿಪ್) ಹಾಕಿ ಎರಡನೇ ಫ್ರೆಟ್‌ನಲ್ಲಿ ಇದೇ ಕಾರ್ಡ್ ಹಿಡಿಯಿರಿ. ಒಮ್ಮೆಲೇ ಸಲೀಸಾದರೆ ನಟ್ ಎತ್ತರವಿದೆ ಅಂತ ಅರ್ಥ. ನಟ್ ಅಂದರೆ ಗಿಟಾರಿನ ತಲೆಯ ಬುಡದಲ್ಲಿ ತಂತಿಗಳು ಸೀಳಿನೊಳಗೆ ಕೂರುವ ಪಟ್ಟಿ. ಆ ಸೀಳುಗಳನ್ನು ಅರದಿಂದ ಉಜ್ಜಿ ಆಳ ಮಾಡಬೇಕು, ಆದರೆ ನೀವೇ ಕೈ ಹಾಕಬೇಡಿ. ಜಾಸ್ತಿ ಉಜ್ಜಿದರೆ ಖಾಲಿ ತಂತಿಯೇ ಜಿರ್ರ್ ಅನ್ನತೊಡಗುತ್ತದೆ.

ಇನ್ನೊಬ್ಬರು

ಮೇಲಿನದೆಲ್ಲ ಒಪ್ಪುತ್ತೇನೆ. 60 ಕೂಡ ಕೆಲವರಿಗೆ ವೇಗವೇ, 50ರಿಂದ ಶುರು ಮಾಡಿದರೆ ತಪ್ಪೇನಿಲ್ಲ. ಬೆರಳ ತುದಿ ಉರಿಯುವುದು ಬೇರೆ, ಚರ್ಮ ಗಟ್ಟಿಯಾದರೆ ಹೋಗುತ್ತದೆ. ಹೆಬ್ಬೆರಳ ಬುಡ, ಮಣಿಕಟ್ಟು ನೋಯುವುದನ್ನು ಸಹಿಸಿಕೊಂಡು ನುಡಿಸಬೇಡಿ, ಅಲ್ಲಿಗೇ ನಿಲ್ಲಿಸಿ. ವಿಶ್ರಾಂತಿ ಕೊಟ್ಟರೂ ನೋವು ಉಳಿದರೆ, ಬೆರಳು ಜೋಮು ಹಿಡಿದರೆ ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಹಾಡಿಗೆ ಒಂದರಿಂದ ನಾಲ್ಕನೇ ತಂತಿಯವರೆಗಿನ ಚಿಕ್ಕ ಎಫ್ ಸಾಕು.

ಪ್ರಶ್ನೆ ಕೇಳಿದವರು, ಮೂರು ವಾರದ ನಂತರ

ಕ್ಯಾಪೊ ಹಾಕಿದ ತಕ್ಷಣ ವ್ಯತ್ಯಾಸ ಗೊತ್ತಾಯಿತು. ರಿಪೇರಿ ಮಾಡುವವರಿಗೆ ತೋರಿಸಿದೆ, ನಟ್ ಎತ್ತರವೇ ಇತ್ತು, ಉಜ್ಜಿ ಸರಿಮಾಡಿ ಕೊಟ್ಟರು. ಎಫ್‌ನಲ್ಲಿ ಈಗ ಎರಡನೇ ತಂತಿ ಮಾತ್ರ ಕೆಲವೊಮ್ಮೆ ಕೈಕೊಡುತ್ತದೆ. ಪಟ್ಟಿ ಹಾಕಿಕೊಂಡ ಮೇಲೆ ನೋವಿಲ್ಲ. ಬಲಗೈ ನಿಲ್ಲಿಸದೆ ಇರುವುದು ಮೊದಲ ವಾರ ತುಂಬ ಕಷ್ಟವಾಯಿತು, ಅಳು ಬರುವಷ್ಟು. ಈಗ 75ರವರೆಗೆ ಜಿ-ಸಿ ಸಲೀಸು. 80ಕ್ಕೆ ಹೋದರೆ ಮತ್ತೆ ಮುರಿಯುತ್ತದೆ.

ಉತ್ತರ

ಮೂರು ವಾರಕ್ಕೆ ಇದು ತುಂಬ ಒಳ್ಳೆಯ ಪ್ರಗತಿ, ನಿಜಕ್ಕೂ ಖುಷಿಯಾಯಿತು. ನಾಳೆ 72ಕ್ಕೆ ಇಳಿಸಿ, ಫೋನಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿ. ನುಡಿಸುವಾಗ ಕೇಳಿಸದ ಆತುರ ಅಲ್ಲಿ ಕೇಳಿಸುತ್ತದೆ. ನಾಲ್ಕನೇ ಎಣಿಕೆ ಬೇಗ ಬೀಳುತ್ತಿದೆಯಾ ನೋಡಿ. ಬೀಳುತ್ತಿದ್ದರೆ 72ರಲ್ಲೇ ಅದನ್ನು ಸರಿಮಾಡಿಕೊಂಡು, ಎರಡೆರಡೇ ಏರಿಸುತ್ತಾ 80ಕ್ಕೆ ಹೋಗಿ.