ಅಪ್ಪನ ಜೊತೆ ಹಳೇ ಎಂಜಿಬಿ ಕಾರು ರೆಡಿ ಮಾಡೋದು: ಕೈ ಹಾಕಿದವರು ಹೇಳಿ

ಕೋಥ್ರೂಡ್, ಪುಣೆ: ದೊಡ್ಡಪ್ಪ ಬಿಟ್ಟುಹೋದ 1965ರ ಎಂಜಿಬಿ, ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು, ಶೆಡ್ಡಲ್ಲಿ ನಿಂತಿದೆ. ಅಪ್ಪನಿಗೆ 71. ಇಬ್ಬರೂ ಸೇರಿ ಓಡುವ ಹಾಗೆ ಮಾಡಬೇಕು ಅಂತಿದ್ದೇವೆ. 6 ಲಕ್ಷ ಸಾಕಾ?

ಡೊಂಬಿವಲಿ ಶೆಟ್ಟಿ: 6 ಲಕ್ಷವಾ? ನಮ್ಮ ಎಂಜಿಬಿಯ ಬಾಡಿ ಕೆಲಸಕ್ಕೇ 5.40 ಲಕ್ಷ ಆಯ್ತು ಮಾರಾಯ್ರೇ. ಬಾಗಿಲ ಕೆಳಗಿನ ಸಿಲ್ ಹೊರಗಿನಿಂದ ಫಳಫಳ. ಅಪ್ಪ ಸ್ಕ್ರೂಡ್ರೈವರ್ ಚುಚ್ಚಿದರು, ಹಿಡಿಯ ತನಕ ಒಳಗೆ ಹೋಯ್ತು. ಈ ಗಾಡಿಗೆ ಬಾಡಿ ಕೆಳಗೆ ಬೇರೆ ಚಾಸಿ (ಕಬ್ಬಿಣದ ಚೌಕಟ್ಟು) ಇಲ್ಲ, ಭಾರ ಹೊರುವುದೇ ಸಿಲ್. ಕೆಳಗೆ ಸಪೋರ್ಟ್ ಕೊಡು ಅಂತ ಅಪ್ಪ ಬಡಕೊಂಡರೂ ಡೆಂಟರ್ ಎರಡೂ ಕಡೆ ಒಟ್ಟಿಗೇ ಕೊಯ್ದ. ನಡು ಕುಸಿದು ಬಾಗಿಲು ಮುಚ್ಚದ ಹಾಗಾಯ್ತು. ನೇರ ಮಾಡಿಸಲು 90,000 ದಂಡ. ಇಂಗ್ಲೆಂಡಿನಿಂದ ತರಿಸಿದ ಸಿಲ್ಲಿಗೆ ಕಸ್ಟಮ್ಸ್ ಬೇರೆ. ಆ ಡೆಂಟರ್ ಈಗಲೂ ನನ್ನ ಕಂಡರೆ ರಸ್ತೆ ದಾಟುತ್ತಾನೆ.

ಪಿಂಪ್ರಿ ಕುಲಕರ್ಣಿ: ಇಂಗ್ಲೆಂಡ್ ಯಾಕ್ರೀ? ಅಪ್ಪಾಜಿ, ನಾನು ಸೇರಿ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಎಬ್ಬಿಸಿದೆವು. ಸಾಮಾನೆಲ್ಲ ನಾನಾ ಪೇಠ್, ಕುರ್ಲಾ ಗುಜರಿಯದ್ದೇ. ಮಾರುತಿ ಕಾರ್ಬೊರೇಟರ್ ಹಾಕಿಸಿದೆವು, 3,200ಕ್ಕೆ ಮುಗೀತು. ಬೋಲ್ಟ್ ಬಿಚ್ಚಿದರೆ ಮೇಲಿನ ಟಾಪೇ ಕಳಚಿ ಬರುತ್ತೆ. ಭಾನುವಾರ ಲೋಣಾವಳಕ್ಕೆ ಗಾಳಿ ಕುಡಿಯುತ್ತಾ ಹೋಗುತ್ತೇವೆ.

ಡೊಂಬಿವಲಿ ಶೆಟ್ಟಿ: ಕೇಳಿದ್ದು ಸ್ಪೋರ್ಟ್ಸ್ ಕಾರು ಸಾರ್. ಹೆರಾಲ್ಡ್ ಮದ್ರಾಸಿನ ಫ್ಯಾಮಿಲಿ ಗಾಡಿ. ಅದಕ್ಕೆ ಮಾರುತಿ ಕಾರ್ಬೊರೇಟರ್ ಬೇರೆ!

ಪಿಂಪ್ರಿ ಕುಲಕರ್ಣಿ: ಟ್ರಯಂಫ್ ಸ್ಪಿಟ್‌ಫೈರ್ ಅನ್ನೋ ಸ್ಪೋರ್ಟ್ಸ್ ಕಾರಿನ ಚಾಸಿ ಎಲ್ಲಿಂದ ಬಂತು, ತಿಳಿದು ಮಾತಾಡಿ. ಹೆರಾಲ್ಡಿನದನ್ನೇ ಗಿಡ್ಡ ಮಾಡಿದ್ದು. ಮತ್ತೆ, ನಮ್ಮದು ಓಡುತ್ತಿದೆ. ನಿಮ್ಮದು ಇನ್ನೂ ಜ್ಯಾಕ್ ಮೇಲಿದೆ ಅಲ್ವಾ?

ಮಡಗಾಂವ್ ನಾಯಕ್: ತುಕ್ಕಿನ ಕಾಟವೇ ಬೇಡ ಅಂದರೆ ನಮ್ಮ ಗೋವಾದ ಸ್ಯಾನ್ ಸ್ಟಾರ್ಮ್ ಕಾರು ನೋಡಿ. ಫೈಬರ್ ಬಾಡಿ, ರೆನೋ ಎಂಜಿನ್. ನಮ್ಮಲ್ಲಿ ಸ್ಯಾಂಡ್‌ಪೇಪರ್ ಹಿಡಿದು ಕೂತವರು ಅಮ್ಮ. ಮಳೆಗಾಲ ಪೂರ್ತಿ ಉಜ್ಜಿದರು, ಪೇಂಟರ್‌ಗಿಂತ ನುಣುಪು.

ಡೊಂಬಿವಲಿ ಶೆಟ್ಟಿ: ಅದು ಕ್ಲಾಸಿಕ್ಕಾ? 50 ವರ್ಷ ಆಗದೆ ವಿಂಟೇಜ್ ಗಾಡಿಗಳ ವಿಎ ನಂಬರ್ ಪ್ಲೇಟ್ ಕೊಡಲ್ಲ.

ಮಡಗಾಂವ್ ನಾಯಕ್: 20,000 ಕಟ್ಟಿ ವಿಎ ತಗೊಂಡು ಏನು ಮಾಡ್ತೀರಿ? ದಿನಾ ಓಡಿಸುವ ಹಾಗಿಲ್ಲ. ರ‍್ಯಾಲಿಗೆ, ಪ್ರದರ್ಶನಕ್ಕೆ, ಪೆಟ್ರೋಲ್ ಹಾಕಿಸೋಕೆ, ರಿಪೇರಿಗೆ, ಅಷ್ಟೇ. ಅಮ್ಮ ನಮ್ಮದರಲ್ಲೇ ಮೀನು ತರೋಕೆ ಹೋಗ್ತಾರೆ.

ಠಾಣೆ ಗೌಡ: ಬ್ಯಾಟರಿ ಬಗ್ಗೆ ಯಾರೂ ಹೇಳಲೇ ಇಲ್ಲ. 1965ರ ಎಂಜಿಬಿ ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪ್ಲಸ್ ತಂತಿ ಗಾಡಿಯ ಲೋಹಕ್ಕೆ ಸೇರಬೇಕು. ನಮ್ಮ ಎಲೆಕ್ಟ್ರಿಷಿಯನ್ ಎಲ್ಲ ಗಾಡಿಯ ಹಾಗೇ ನೆಗೆಟಿವ್ ತಂತಿಯನ್ನು ಲೋಹಕ್ಕೆ ಸೇರಿಸಿಬಿಟ್ಟ. ಸ್ಮಿತ್ಸ್ ಕಂಪನಿಯ ಆರ್‌ಪಿಎಂ ಮೀಟರ್ ಸುಟ್ಟು ವಾಸನೆ ಬಂತು. 17,500 ನೀರಲ್ಲಿ ಹೋಮ. ಅಪ್ಪ ಎರಡು ದಿನ ಮಾತು ಬಿಟ್ಟರು.

ಡೊಂಬಿವಲಿ ಶೆಟ್ಟಿ: ಕುಲಕರ್ಣಿಯವರೇ, ಜಗಳ ಆಮೇಲೆ. ಕುರ್ಲಾದಲ್ಲಿ ಸ್ಮಿತ್ಸ್ ಮೀಟರ್ ಸಿಗುವ ಗಲ್ಲಿ ಯಾವುದು?