'ಸುಂಕುಹುಳು' ಅಂದರೆ ನಡೆಯುತ್ತದೆಯೇ?

ಗೆಳೆಯರೇ,

ಹೈಸ್ಕೂಲು ಮಕ್ಕಳಿಗಾಗಿ ಬರೆಯುತ್ತಿರುವ ಒಂದು ಲೇಖನ ಒಂದೇ ಪದಕ್ಕೆ ಸಿಕ್ಕಿಕೊಂಡು ನಿಂತಿದೆ. ಪದ 'ಪಾಲಿಕೀಟ್', ಮೈಯ ಪಕ್ಕಗಳಲ್ಲಿ ಬಿರುಗೂದಲಿರುವ ಕಡಲ ಹುಳುಗಳ ಇಂಗ್ಲಿಷ್ ಹೆಸರು. ಇದಕ್ಕೊಂದು ಕನ್ನಡ ಹೆಸರು ಹುಡುಕುತ್ತಿದ್ದೇನೆ.

ಪೆಸಿಫಿಕ್ ಸಾಗರದಲ್ಲಿ, ಹವಾಯಿಗೂ ಮೆಕ್ಸಿಕೋಗೂ ನಡುವೆ ಕ್ಲಾರಿಯನ್-ಕ್ಲಿಪ್ಪರ್ಟನ್ ಅನ್ನುವ ವಲಯ ಇದೆ. ಆಳ 4,000ದಿಂದ 5,500 ಮೀಟರ್. ತಳದ ತುಂಬಾ ಆಲೂಗಡ್ಡೆ ಚೆಲ್ಲಿದ ಹಾಗೆ ಮ್ಯಾಂಗನೀಸ್ ಗಂಟುಗಳು. ಲೋಹಕ್ಕಾಗಿ ಅವನ್ನು ಬಾಚುವ ಮೊದಲು ಅಲ್ಲಿ ಯಾರ್‍ಯಾರು ಬದುಕಿದ್ದಾರೆ ತಿಳಿಯಬೇಕಲ್ವಾ? ಹಡಗಿನಿಂದ ಕಬ್ಬಿಣದ ಪೆಟ್ಟಿಗೆ ಇಳಿಸಿ ಕೆಸರು ಮೇಲೆತ್ತುತ್ತಾರೆ. 0.3 ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಹಾಕಿ ಮೆಲ್ಲಗೆ ತೊಳೆಯುತ್ತಾರೆ. ಜರಡಿಯಲ್ಲಿ ಉಳಿಯುವ ಜೀವಿಗಳಲ್ಲಿ ಪಾಲಿಕೀಟ್‌ಗಳದೇ ದೊಡ್ಡ ಪಾಲು. ಹೆಚ್ಚಿನವು ಕೆಲವೇ ಮಿಲಿಮೀಟರ್ ಉದ್ದ. ಅದೂ ತುಂಡಾಗಿರುತ್ತವೆ, ಹಾಗಾಗಿ ತಲೆ ಇರುವ ತುಂಡನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ನಿಜವಾದ ತಲೆ ಎಣಿಕೆ!

ಕರಡು ಓದಿದ ಪಕ್ಕದ ಮನೆಯ ಹುಡುಗಿ ಕೇಳಿದಳು: "ಪಾಲಿ ಅಂದ್ರೆ ತುಂಬಾ, ಅಲ್ವಾ ಅಂಕಲ್? ಹಾಗಾದ್ರೆ ಇದು ತುಂಬಾ ಕೀಟನಾ?" ತಪ್ಪು ಅವಳದಲ್ಲ. ಗ್ರೀಕಿನ 'ಖೈಟೆ' ಅಂದರೆ ಉದ್ದ ಕೂದಲು. ಇಂಗ್ಲಿಷಿನ ಬಾಯಿಗೆ ಸಿಕ್ಕಿ 'ಕೀಟ್' ಆಗಿ, ನಮ್ಮ ಲಿಪಿಗೆ ಬಂದ ಕೂಡಲೇ ಕೀಟವೇ ಆಗಿಬಿಟ್ಟಿತು. ಇದಕ್ಕೆ ಆರು ಕಾಲಿನ ಕೀಟದ ಸಂಬಂಧವೇ ಇಲ್ಲ, ಎರೆಹುಳು ಜಿಗಣೆಗಳ ಬಳಗ ಇದು.

'ಕಡಲ ಎರೆಹುಳು' ಅನ್ನೋಣ ಅಂದರೆ ಮಕ್ಕಳ ಕಣ್ಣಿಗೆ ನುಣುಪು ಹುಳು ಬರುತ್ತದೆ. ಎರೆಹುಳಕ್ಕೂ ಕೂದಲಿದೆ, ಬಾಲದಿಂದ ತಲೆಯ ಕಡೆಗೆ ಬೆರಳು ಎಳೆದರೆ ತರಿತರಿ ಅನಿಸುತ್ತದೆ. ಆದರೆ ಅದು ಅಲ್ಪ. ಪಾಲಿಕೀಟ್‌ಗಳಲ್ಲಿ ಮೈಯ ಒಂದೊಂದು ಉಂಗುರದ ಎರಡೂ ಪಕ್ಕ ಕಟ್ಟುಕಟ್ಟಾಗಿ ಇರುತ್ತದೆ. 'ಕ್ರಿಮಿ' ಬೇಡವೇ ಬೇಡ, ಹೊಟ್ಟೆಯ ಜಂತು ನೆನಪಾಗುತ್ತದೆ. 'ಬಹುಶೂಕ' ಅನ್ನಬಹುದು, ಅರ್ಥ ಸರಿ. ಸಂಸ್ಕೃತದಲ್ಲಿ ಶೂಕ ಎಂದರೆ ತೆನೆಯ ಮುಳ್ಳುಗೂದಲು. ಆದರೆ ಅದನ್ನೂ ಬಿಡಿಸಿ ಹೇಳಬೇಕು.

ಆಗ ಹೊಳೆದದ್ದು ನಮ್ಮ ಕಡೆಯ 'ಸುಂಕು'. ಜೋಳದ ರಾಶಿ ಮಾಡುವಾಗ ಕುತ್ತಿಗೆಗೆ ಹತ್ತಿ, ಸ್ನಾನ ಮಾಡುವ ತನಕ ತುರಿಸುತ್ತದಲ್ಲ, ಆ ತೆನೆಯ ಬಿರುಗೂದಲು. ಈ ಹುಳುಗಳ ಕೂದಲೂ ಹಾಗೇ ಬಿರುಸು. ಹವಳದ ದಿಬ್ಬಗಳಲ್ಲಿರುವ ಕೆಲವು ಜಾತಿಗಳನ್ನು ಮುಟ್ಟಿದರೆ ಕೂದಲು ಮುರಿದು ಚರ್ಮದಲ್ಲೇ ಉಳಿದು ಉರಿಯುತ್ತದೆ. ಹೆಸರು ಕೂದಲಿನ ಮೇಲೇ ಇರಲಿ ಎಂಬ ನನ್ನ ಹಟಕ್ಕೆ ಇನ್ನೊಂದು ಕಾರಣವೂ ಇದೆ. ಸೂಕ್ಷ್ಮದರ್ಶಕದ ಕೆಳಗೆ ಇವುಗಳ ಗುರುತು ಹಿಡಿಯುವವರು ಜಾಸ್ತಿ ನೋಡುವುದು ಈ ಕೂದಲನ್ನೇ. ಒಂದೇ ಕಡ್ಡಿಯೋ, ನಡುವೆ ಕೀಲಿದೆಯೋ, ತುದಿ ಕೊಕ್ಕೆಯೋ? ಕೆಲವು ಕುಟುಂಬಗಳಲ್ಲಿ ಕೊಕ್ಕೆಯ ತುದಿಗೆ ತೆಳ್ಳನೆಯ ಮುಸುಕು ಇರುತ್ತದೆ. ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ನಿಂತವರ ಹಾಗೆಯೇ ಕಾಣುತ್ತದೆ. ಅದಕ್ಕೆ 'ಕೊಪ್ಪೆಗೊಕ್ಕೆ' ಎಂದು ಬರೆದುಕೊಂಡಿದ್ದೇನೆ, ಕೀಲಿರುವುದಕ್ಕೆ 'ಕೀಲುಸುಂಕು'.

ತೊಡಕು ಒಂದೇ. ಬೆಂಗಳೂರಿನ ಗೆಳೆಯನಿಗೆ ಹೇಳಿದರೆ, "ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯ್ತು, ಇದೇನು ಟ್ಯಾಕ್ಸ್ ಹುಳವಾ?" ಎಂದು ನಕ್ಕ. 'ಸುಂಕ', 'ಸುಂಕು' ಎರಡರ ನಡುವೆ ಉಕಾರ ಒಂದರಿಂದ ಇಷ್ಟು ಅಂತರ ಉಳಿಯುತ್ತದೆಯೇ?

ಹಾಗಾಗಿ ಕೇಳುತ್ತಿದ್ದೇನೆ. ಹಳೇ ಮೈಸೂರು, ಮಲೆನಾಡಿನ ಕಡೆಯವರು ತೆನೆಯ ಈ ಬಿರುಗೂದಲಿಗೆ ಏನನ್ನುತ್ತೀರಿ? ಕಾರವಾರ, ಹೊನ್ನಾವರ, ಮಲ್ಪೆ ಕಡೆ ಗಾಳಕ್ಕೆ ಸಿಕ್ಕಿಸುವ ಉಸುಕಿನ ಹುಳಕ್ಕೆ ಹೆಸರಿದೆಯೇ? ಇದ್ದರೆ ನನ್ನ ಸುಂಕುಹುಳು ಸುಮ್ನೆ ಬಿಟ್ಟುಬಿಡುತ್ತೇನೆ. ಇನ್ನೊಂದು, ಕೂದಲಿನ ಕಟ್ಟು ಹೊತ್ತ ಪಕ್ಕದ ಗಿಡ್ಡ ಕಾಲಿಗೆ 'ಪಕ್ಕಗಾಲು' ಸಾಕೇ? 'ಮಿಥ್ಯಪಾದ' ಅಮೀಬಾಕ್ಕೆ ಹೋಗಿಬಿಟ್ಟಿದೆ.