ಎಚ್‌ಎಸ್‌ವಿ-1 (ಹರ್ಪಿಸ್ ವೈರಸ್) ಸೋಂಕಿನ 8ನೇ ಗಂಟೆಗೆ ಸಾವಿರಾರು ಜೀನ್‌ಗಳು ಏರಿವೆ: ವೈರಸ್ ನಿಜವಾಗಿ ಇವನ್ನೆಲ್ಲ ಆನ್ ಮಾಡುತ್ತಾ?

ಫೈಬ್ರೋ_8ಗಂಟೆ ಕೇಳಿದ್ದು:

ಮಾನವ ಚರ್ಮದ ಫೈಬ್ರೋಬ್ಲಾಸ್ಟ್‌ಗಳಿಗೆ ಎಚ್‌ಎಸ್‌ವಿ-1 ಸ್ಟ್ರೇನ್ 17, ಎಂಒಐ 10 (ಕೋಶಕ್ಕೆ ಸರಾಸರಿ 10 ಸೋಂಕುಕಾರಕ ವೈರಸ್ ಕಣ). 8 ಗಂಟೆಗೆ ಟ್ರೈಜಾಲ್ (ಕೋಶ ಒಡೆದು ಆರ್‌ಎನ್‌ಎ ತೆಗೆಯುವ ದ್ರಾವಣ). ರೈಬೋಸೋಮಲ್ ಆರ್‌ಎನ್‌ಎ ತೆಗೆದ, ಎಳೆ ಗುರುತಿರುವ ಸೀಕ್ವೆನ್ಸಿಂಗ್ ಲೈಬ್ರರಿ, ಎಣಿಕೆಗಳ ಹೋಲಿಕೆಗೆ ಡಿಇಸೆಕ್2 ಸಾಫ್ಟ್‌ವೇರ್. ಮೂರು ವಿಷಯ ಅರ್ಥವಾಗುತ್ತಿಲ್ಲ.

ಒಂದು, ಏರಿದ ಪಟ್ಟಿಯಲ್ಲಿ ಫೈಬ್ರೋಬ್ಲಾಸ್ಟ್‌ನಲ್ಲಿ ಇರಲೇಬಾರದ ಜೀನ್‌ಗಳು ತುಂಬಿವೆ, ಯಕೃತ್ತಿನವು, ಮೆದುಳಿನವು, ಭ್ರೂಣದವು. ಅದೇ ಆರ್‌ಎನ್‌ಎಯಿಂದ ಪಾಲಿ-ಎ ಲೈಬ್ರರಿ (ಪಾಲಿ-ಎ ಬಾಲವಿರುವ ಆರ್‌ಎನ್‌ಎ ಮಾತ್ರ ಹಿಡಿಯುವುದು) ಮಾಡಿದರೆ ಪಟ್ಟಿ ಚಿಕ್ಕದಾಗುತ್ತದೆ. ಎರಡು, ಕ್ಯೂಪಿಸಿಆರ್‌ನಲ್ಲಿ (ಆರ್‌ಎನ್‌ಎ ಪ್ರಮಾಣ ಅಳೆಯುವ ವಿಧಾನ) ಜಿಎಪಿಡಿಎಚ್ ಜೀನ್‌ನ ಸಿಟಿ (ಸಂಕೇತ ಕಾಣಲು ಬೇಕಾದ ಸುತ್ತುಗಳು) ಸುಮಾರು 3 ಹೆಚ್ಚಾಗಿದೆ, ಅಂದರೆ ಹೋಲಿಕೆಗೆ ಇಟ್ಟ ಜೀನೇ ಎಂಟು ಪಟ್ಟು ಕುಸಿದಿದೆ. ಮೂರು, ಯುವಿಯಲ್ಲಿ ನಿಷ್ಕ್ರಿಯ ಮಾಡಿದ ವೈರಸ್ ಕೊಟ್ಟ ತಟ್ಟೆಯಲ್ಲೂ ಜಿಎಪಿಡಿಎಚ್ ಇಳಿದಿದೆ. ಒಂದೂ ವೈರಲ್ ಜೀನ್ ಓಡದೆ ಅದು ಹೇಗೆ ಇಳಿಯುತ್ತದೆ?

ಬದು_ಒಡೆದ_ಗದ್ದೆ ಉತ್ತರಿಸಿದ್ದು:

ಮೊದಲನೆಯದಕ್ಕೆ ಉತ್ತರ: ಪಟ್ಟಿಯ ಬಹುಪಾಲು ಆನ್ ಆಗಿಲ್ಲ. ಮೇಲಿನ ಗದ್ದೆಯ ಬದು ಒಡೆದು ನೀರು ಕೆಳಗಿನ ಗದ್ದೆಗೆ ನುಗ್ಗಿದೆ. ಕೆಳಗಿನ ಗದ್ದೆ ಒದ್ದೆಯಾಗಿದೆ ಅಂತ ಅದರ ಬೋರ್‌ವೆಲ್ ಶುರುವಾಗಿದೆ ಅನ್ನಲು ಬರುವುದಿಲ್ಲ.

ಆರೋಗ್ಯವಂತ ಕೋಶದಲ್ಲಿ ಆರ್‌ಎನ್‌ಎ ತಯಾರಿಸುವ ಪಾಲಿಮರೇಸ್-2, ಜೀನ್‌ನ ಕೊನೆಯ ಪಾಲಿ-ಎ ಸಂಕೇತ ದಾಟಿದ ಕೂಡಲೇ ಸಿಪಿಎಸ್‌ಎಫ್ ಎಂಬ ಪ್ರೋಟೀನ್ ಗುಂಪು ಆರ್‌ಎನ್‌ಎಯನ್ನು ಕತ್ತರಿಸುತ್ತದೆ. ಆಮೇಲೆ ಪಾಲಿಮರೇಸ್ ಡಿಎನ್‌ಎ ಬಿಟ್ಟು ಇಳಿಯುತ್ತದೆ. ವೈರಸ್‌ನ ಐಸಿಪಿ27 ಪ್ರೋಟೀನ್ ಈ ಸಿಪಿಎಸ್‌ಎಫ್‌ಗೇ ಅಂಟಿಕೊಂಡು ಕತ್ತರಿಯನ್ನು ತಡೆಯುತ್ತದೆ. ಪಾಲಿಮರೇಸ್ ನಿಲ್ಲದೆ ಹತ್ತಾರು ಸಾವಿರ ಬೇಸ್ ಓಡಿ ಪಕ್ಕದ ಜೀನ್‌ನೊಳಗೆ ಹೊಕ್ಕುಬಿಡುತ್ತದೆ. ವೈರಸ್‌ನ ಸ್ವಂತ ಆರ್‌ಎನ್‌ಎಯಲ್ಲಿ ಕತ್ತರಿಸುವ ಜಾಗದ ಹಿಂದೆ ಜಿ, ಸಿ ಬೇಸ್‌ಗಳು ದಟ್ಟವಾಗಿದ್ದರೆ ಅದೇ ಐಸಿಪಿ27 ಕತ್ತರಿಗೆ ನೆರವಾಗುತ್ತದೆ. ಹಾಗಾಗಿ ಪೆಟ್ಟು ಬೀಳುವುದು ಆತಿಥೇಯ ಕೋಶದ ಜೀನ್‌ಗಳಿಗೆ. ಈ ಹರಿವು 3–4ನೇ ಗಂಟೆಗೇ ಕಾಣಿಸಿಕೊಳ್ಳುತ್ತದೆ, 8ಕ್ಕೆ ಜೋರಾಗಿರುತ್ತದೆ. ಹೀಗೆ ಹುಟ್ಟಿದ ಉದ್ದನೆಯ ಆರ್‌ಎನ್‌ಎ ಹೆಚ್ಚಾಗಿ ಕೋಶಕೇಂದ್ರದಲ್ಲೇ ಉಳಿಯುತ್ತದೆ, ಅದಕ್ಕೆ ಸರಿಯಾದ ಪಾಲಿ-ಎ ಬಾಲವೂ ಇರುವುದಿಲ್ಲ. ನಿಮ್ಮ ಪಾಲಿ-ಎ ಲೈಬ್ರರಿಯಲ್ಲಿ ಪಟ್ಟಿ ಕುಗ್ಗಿದ್ದು ಅದಕ್ಕೇ. ಇವುಗಳ ಮೇಲೆ ರೈಬೋಸೋಮ್ ಕೂರುವುದಿಲ್ಲ, ಪ್ರೋಟೀನೂ ಆಗುವುದಿಲ್ಲ.

ಪರೀಕ್ಷೆ ಹೀಗೆ ಮಾಡಿ. ಪ್ರತಿ ಜೀನ್‌ನ ಆರಂಭಕ್ಕಿಂತ ಹಿಂದಿನ 5,000 ಬೇಸ್‌ಗಳ ಎಫ್‌ಪಿಕೆಎಂ (ಸೀಕ್ವೆನ್ಸರ್ ಓದಿದ ತುಣುಕುಗಳ, ಅಂದರೆ ರೀಡ್‌ಗಳ, ಉದ್ದಕ್ಕೂ ಒಟ್ಟು ಸಂಖ್ಯೆಗೂ ಸರಿಹೊಂದಿಸಿದ ಎಣಿಕೆ) ಅನ್ನು ಆ ಜೀನ್‌ನ ಎಫ್‌ಪಿಕೆಎಂನಿಂದ ಭಾಗಿಸಿ 100ರಿಂದ ಗುಣಿಸಿ. ಸೋಂಕಿಲ್ಲದ ಮಾದರಿಯಲ್ಲೂ ಅದನ್ನೇ ಲೆಕ್ಕ ಹಾಕಿ ಕಳೆಯಿರಿ. ವ್ಯತ್ಯಾಸ 10ರ ಒಳಗಿದ್ದರೆ ಮಾತ್ರ ನಾನು ಆ ಜೀನ್‌ನ ಏರಿಕೆಯನ್ನು ನಂಬುತ್ತೇನೆ. ಹಿಂದಿನ 5,000 ಬೇಸ್‌ನಲ್ಲಿ ಬೇರೆ ಜೀನ್ ಕೂತಿದ್ದರೆ ಈ ಲೆಕ್ಕ ಕೆಲಸಕ್ಕೆ ಬಾರದು, ಅದನ್ನು ಬದಿಗಿಡಿ.

ಅಂಕಿಗಿಂತ ಕಣ್ಣೇ ಒಳ್ಳೆಯ ಸಾಕ್ಷಿ. ಐಜಿವಿ (ರೀಡ್‌ಗಳನ್ನು ಜೀನೋಮ್ ಮೇಲೆ ತೋರಿಸುವ ಸಾಫ್ಟ್‌ವೇರ್) ತೆರೆದು, ಎಕ್ಸಾನ್‌ಗಳು (ಜೀನ್‌ನಲ್ಲಿ ಎಂಆರ್‌ಎನ್‌ಎಗೆ ಉಳಿಯುವ ತುಂಡುಗಳು) ಒಂದಕ್ಕೊಂದು ಜೋಡಿದ್ದನ್ನು ತೋರಿಸುವ ಕಮಾನುಗಳನ್ನು ನೋಡಿ. ಮೊದಲನೇ ಎಕ್ಸಾನ್‌ನ ಆರಂಭದಲ್ಲಿ ಸ್ಪ್ಲೈಸಿಂಗ್ (ಎಕ್ಸಾನ್‌ಗಳ ಜೋಡಣೆ) ಸ್ವೀಕರಿಸುವ ಜಾಗ ಇರುವುದಿಲ್ಲ. ಆದ್ದರಿಂದ ಮೇಲಿಂದ ಹರಿದು ಬಂದ ಆರ್‌ಎನ್‌ಎಯಲ್ಲಿ ಮೇಲಿನ ಜೀನ್‌ನ ಎಕ್ಸಾನ್‌ನಿಂದ ಹೊರಟ ಕಮಾನು ಮೊದಲನೆಯದನ್ನು ಹಾರಿ ನೇರ ಎರಡನೇ ಎಕ್ಸಾನ್‌ಗೆ ಇಳಿಯುತ್ತದೆ. ಆ ಜೀನ್‌ನದೇ ಪ್ರೊಮೋಟರ್‌ನಿಂದ (ಆರಂಭದ ಸ್ವಿಚ್) ಹೊರಟಿದ್ದರೆ ಆರಂಭದ ಜಾಗದಲ್ಲಿ ರೀಡ್‌ಗಳು ಗೋಡೆಯ ಹಾಗೆ ಏಳುತ್ತವೆ, ಒಂದರಿಂದ ಎರಡಕ್ಕೆ ಕಮಾನು ಇರುತ್ತದೆ. ಒಂದೇ ಎಕ್ಸಾನ್‌ನ ಜೀನ್‌ಗಳಿಗೆ ಈ ಉಪಾಯ ನಡೆಯದು. ಅಲ್ಲಿ ಗೋಡೆಯೊಂದೇ ಆಧಾರ.

ಉಪ್ಪಿನ ಒತ್ತಡ, ಬಿಸಿಯ ಒತ್ತಡ ಕೊಟ್ಟರೂ ಇಂಥ ಹರಿವು ಹುಟ್ಟುತ್ತದೆ. ಆದರೆ ಜೀನ್ ಮುಗಿದ ಮೇಲಿನ ಕ್ರೊಮಾಟಿನ್ (ಹಿಸ್ಟೋನ್ ಪ್ರೋಟೀನ್‌ಗಳಿಗೆ ಸುತ್ತಿದ ಡಿಎನ್‌ಎ) ಅಗಲವಾಗಿ ತೆರೆದುಕೊಳ್ಳುವುದು ಹರ್ಪಿಸ್ ಸೋಂಕಿನಲ್ಲಿ ಕಂಡದ್ದು, ಆ ಒತ್ತಡಗಳಲ್ಲಿ ಅಲ್ಲ. ಪಾಲಿಮರೇಸ್ ಹಾದುಹೋದ ಮೇಲೆ ಹಿಸ್ಟೋನ್‌ಗಳು ಮತ್ತೆ ಜಾಗಕ್ಕೆ ಕೂರದಂತೆ ತಡೆಯುವುದು ವೈರಸ್‌ನ ಐಸಿಪಿ22 ಪ್ರೋಟೀನ್. ಅಟ್ಯಾಕ್-ಸೆಕ್ (ತೆರೆದ ಕ್ರೊಮಾಟಿನ್ ಗುರುತಿಸುವ ಪರೀಕ್ಷೆ) ಮಾಡುವವರು ಆ ತೆರೆದ ಪ್ರದೇಶಗಳನ್ನು ಹೊಸ ಎನ್‌ಹಾನ್ಸರ್ (ಜೀನ್ ಚುರುಕುಗೊಳಿಸುವ ಡಿಎನ್‌ಎ) ಅಂತ ಬರೆದುಬಿಟ್ಟರೆ ಇಡೀ ವಿಶ್ಲೇಷಣೆ ದಾರಿ ತಪ್ಪುತ್ತದೆ.

ಟೆಗ್ಯುಮೆಂಟ್ ಉತ್ತರಿಸಿದ್ದು:

ಎರಡು ಮತ್ತು ಮೂರಕ್ಕೆ ಒಂದೇ ಉತ್ತರ: ವಿಎಚ್‌ಎಸ್. ಯುಎಲ್41 ಜೀನ್‌ನ ಈ ಪ್ರೋಟೀನ್ ವೈರಸ್ ಕಣದ ಟೆಗ್ಯುಮೆಂಟ್ ಪದರದಲ್ಲೇ (ಹೊರ ಪೊರೆಗೂ ಒಳಚಿಪ್ಪಿಗೂ ನಡುವಿನದು) ಸಿದ್ಧವಾಗಿ ಕೋಶದೊಳಗೆ ಬರುತ್ತದೆ. ಯುವಿ ಹಾಳು ಮಾಡುವುದು ಮುಖ್ಯವಾಗಿ ಡಿಎನ್‌ಎಯನ್ನು. ಕಣ ಒಳಗೆ ಹೋಗುತ್ತದೆ, ವಿಎಚ್‌ಎಸ್ ಬಿಡುಗಡೆಯಾಗುತ್ತದೆ, ಎಂಆರ್‌ಎನ್‌ಎ ಕತ್ತರಿಸುತ್ತದೆ. ಹಾಗಾಗಿ ಯುವಿ ವೈರಸ್ ಅನ್ನು 'ಏನೂ ಮಾಡದ' ಕಂಟ್ರೋಲ್ ಅಂತ ಎಂದೂ ಇಡಬೇಡಿ. ಸರಿಯಾದ ಮಾಕ್ (ಸೋಂಕಿಲ್ಲದ ಹೋಲಿಕೆ ಮಾದರಿ) ಎಂದರೆ ವೈರಸ್ ಬೆಳೆಸಿದ ಅದೇ ವೆರೋ ಕೋಶಗಳ ಸೋಂಕಿಲ್ಲದ ಲೈಸೇಟ್ (ಒಡೆದ ಕೋಶಗಳ ದ್ರವ), ಅದೇ ರೀತಿ ತಯಾರಿಸಿ ಅಷ್ಟೇ ಪ್ರಮಾಣದಲ್ಲಿ ಹಾಕಿದ್ದು.

ವಿಎಚ್‌ಎಸ್, ಅನುವಾದ (ಎಂಆರ್‌ಎನ್‌ಎಯಿಂದ ಪ್ರೋಟೀನ್ ತಯಾರಿ) ಶುರುಮಾಡುವ ಇಐಎಫ್4ಎಫ್ ಗುಂಪಿನ ಬೆನ್ನು ಹಿಡಿದು ಹೋಗುತ್ತದೆ. ಕ್ಯಾಪ್ (ಮುಂತುದಿಯ ಟೋಪಿ) ಇರುವ ಎಂಆರ್‌ಎನ್‌ಎಯನ್ನು ಅದು ಕಡಿಯುತ್ತದೆ, ತುಂಡುಗಳನ್ನು ಕೋಶದ್ದೇ ಎಕ್ಸ್‌ಆರ್‌ಎನ್1 ಕಿಣ್ವ ಮೇಯುತ್ತದೆ. ರೈಬೋಸೋಮಲ್ ಆರ್‌ಎನ್‌ಎ ಆದ 18ಎಸ್‌ಗೆ ಕ್ಯಾಪ್ ಇಲ್ಲ, ಅದು ಬಚಾವು. ಕ್ಯೂಪಿಸಿಆರ್‌ನಲ್ಲಿ 18ಎಸ್‌ಗೆ ಹೋಲಿಸಿ, ಆದರೆ ಸಿಡಿಎನ್‌ಎ (ಆರ್‌ಎನ್‌ಎಯ ಡಿಎನ್‌ಎ ಪ್ರತಿ) ಮಾಡಲು ರ‍್ಯಾಂಡಮ್ ಹೆಕ್ಸಾಮರ್ ಬಳಸಿ. ಪಾಲಿ-ಎ ಬಾಲಕ್ಕೆ ಅಂಟುವ ಆಲಿಗೊ-ಡಿಟಿ 18ಎಸ್ ಹಿಡಿಯುವುದಿಲ್ಲ. ಜಿಎಪಿಡಿಎಚ್, ಬೀಟಾ-ಆಕ್ಟಿನ್ ಎರಡನ್ನೂ ಕೈಬಿಡಿ.

ಡಿಇಸೆಕ್2 'ಹೆಚ್ಚಿನ ಜೀನ್‌ಗಳು ಬದಲಾಗಿಲ್ಲ' ಎಂಬ ನಂಬಿಕೆಯ ಮೇಲೆ ನಿಂತಿದೆ. ಇಲ್ಲಿ ಎಲ್ಲವೂ ಕುಸಿಯುತ್ತಿರುವಾಗ ಕಡಿಮೆ ಕುಸಿದದ್ದು 'ಏರಿದೆ' ಎಂದು ಕಾಣುತ್ತದೆ. ಇಆರ್‌ಸಿಸಿ ಸ್ಪೈಕ್ (ಗೊತ್ತಿರುವ ಪ್ರಮಾಣದ ಕೃತಕ ಆರ್‌ಎನ್‌ಎ) ಹಾಕಿ, ಆದರೆ ಆರ್‌ಎನ್‌ಎ ತೂಕಕ್ಕಲ್ಲ, ಕೋಶಗಳ ಎಣಿಕೆಗೆ ತಕ್ಕಂತೆ ಟ್ರೈಜಾಲ್ ಹಂತದಲ್ಲೇ. ತೂಕ ಸಮ ಮಾಡಿದ ಮೇಲೆ ಹಾಕಿದರೆ ಕುಸಿತವೆಲ್ಲ ಅಳಿಸಿಹೋಗುತ್ತದೆ.

ಅಲೈನ್‌ಮೆಂಟ್‌ನಲ್ಲಿ (ರೀಡ್‌ಗಳನ್ನು ಜೀನೋಮ್‌ಗೆ ಹೊಂದಿಸುವಾಗ) ಒಂದು ತಪ್ಪು ಪದೇಪದೇ ಆಗುತ್ತದೆ. ಮಾನವ ಜೀನೋಮ್ ಜೊತೆ ವೈರಸ್‌ನ ಸುಮಾರು 152 ಸಾವಿರ ಬೇಸ್ ಸೇರಿಸಿದಾಗ, ಐಸಿಪಿ0, ಐಸಿಪಿ4 ಎರಡೂ ಮರುಕಳಿಸುವ ಭಾಗಗಳಲ್ಲಿ ಇರುವುದರಿಂದ ಎರಡೆರಡು ಪ್ರತಿ ಬರುತ್ತವೆ. ಒಂದೇ ಜಾಗಕ್ಕೆ ಕೂರುವ ರೀಡ್ ಮಾತ್ರ ಎಣಿಸಿದರೆ ಆ ಜೀನ್‌ಗಳು ಸೊನ್ನೆ. ಒಂದು ಪ್ರತಿಯನ್ನು ಮಾಸ್ಕ್ ಮಾಡಿ (ಲೆಕ್ಕಕ್ಕೆ ಬರದಂತೆ ಮುಚ್ಚಿ).

ವಿಎಚ್‌ಎಸ್‌ನ ಪಾಲು, ಹರಿವಿನ ಪಾಲು ಬೇರೆ ಮಾಡಲು ಯುಎಲ್41 ಇಲ್ಲದ ವೈರಸ್ ಬೇಕು: ಎಂಆರ್‌ಎನ್‌ಎ ಕುಸಿತ ಕಡಿಮೆಯಾಗುತ್ತದೆ, ಹರಿವು ಉಳಿಯುತ್ತದೆ. ಐಸಿಪಿ27 ಇಲ್ಲದ್ದನ್ನು ಬಳಸುವುದಾದರೆ ಅದನ್ನು ಆ ಪ್ರೋಟೀನ್ ಒದಗಿಸುವ ಕೋಶಗಳಲ್ಲೇ, ಉದಾಹರಣೆಗೆ ವೆರೋ 2-2ರಲ್ಲಿ, ಬೆಳೆಸಿ ಅಲ್ಲೇ ಟೈಟರ್ (ಸೋಂಕುಕಾರಕ ವೈರಸ್ ಪ್ರಮಾಣ) ನೋಡಿ.

ಫೈಬ್ರೋ_8ಗಂಟೆ:

ಲೆಕ್ಕ ಹಾಕಿದೆ, ಯಕೃತ್ತು-ಮೆದುಳಿನವು ಬಹುತೇಕ ಉದುರಿದವು. ಆದರೆ ಝಡ್‌ಸ್ಕ್ಯಾನ್4, ಟ್ರಿಮ್43 ಉಳಿದಿವೆ. ಗೋಡೆ ಇದೆ, ಒಂದರಿಂದ ಎರಡನೇ ಎಕ್ಸಾನ್‌ಗೆ ಕಮಾನೂ ಇದೆ. ಇವು ಭ್ರೂಣದ ಆರಂಭದ ಜೀನ್‌ಗಳಲ್ಲವೇ?

ಬದು_ಒಡೆದ_ಗದ್ದೆ:

ಹೌದು, ಇವನ್ನು ಎಸೆಯಬೇಡಿ! ಇವೆರಡೂ ಡಕ್ಸ್4 ಎಂಬ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ನ (ಬೇರೆ ಜೀನ್‌ಗಳನ್ನು ಆನ್ ಮಾಡುವ ಪ್ರೋಟೀನ್) ಗುರಿಗಳು. ಸಾಮಾನ್ಯವಾಗಿ ಡಕ್ಸ್4 ದುಡಿಯುವುದು ಫಲಿತ ಅಂಡದ ಮೊದಲ ಕೆಲವು ವಿಭಜನೆಗಳಲ್ಲಿ, ಆಮೇಲೆ ಮುಚ್ಚಿಹೋಗುತ್ತದೆ. ಹರ್ಪಿಸ್ ಸೋಂಕು ಅದನ್ನು ಮತ್ತೆ ಎಬ್ಬಿಸುತ್ತದೆ. ಟ್ರಿಮ್43 ವೈರಸ್‌ಗೆ ಅಡ್ಡಗಾಲು ಹಾಕುವ ಪ್ರೋಟೀನ್, ಆದ್ದರಿಂದ ಈ ಏರಿಕೆಗೆ ಅರ್ಥವೂ ಇದೆ. 'ಈ ಅಂಗಾಂಶಕ್ಕೆ ಸೇರಿದ್ದಲ್ಲ' ಎಂಬ ಒಂದೇ ಕಾರಣಕ್ಕೆ ಯಾವ ಜೀನನ್ನೂ ಬಿಡಬಾರದು ಅನ್ನುವುದು ಇದಕ್ಕೇ.

ಟೆಗ್ಯುಮೆಂಟ್:

ಇವು 8ನೇ ಗಂಟೆಯಲ್ಲಿ ಹೊಸದಾಗಿ ಹುಟ್ಟುತ್ತಿವೆ ಎಂದು ತೋರಿಸಲು 4-ಥಯೋಯುರಿಡಿನ್ (ಹೊಸ ಆರ್‌ಎನ್‌ಎಯೊಳಗೆ ಸೇರಿಕೊಳ್ಳುವ ಯುರಿಡಿನ್ ರೂಪ) ಗುರುತು ಹಾಕಿ. 50 ಮಿಲಿಮೋಲಾರ್ ಸ್ಟಾಕ್‌ನಿಂದ 1 ಮಿಲಿಲೀಟರ್ ಮೀಡಿಯಮ್‌ಗೆ 10 ಮೈಕ್ರೋಲೀಟರ್, ಅಂದರೆ 500 ಮೈಕ್ರೋಮೋಲಾರ್. 7ರಿಂದ 8ನೇ ಗಂಟೆಯವರೆಗೆ, ಮಂದ ಬೆಳಕಿನಲ್ಲಿ. ಇಷ್ಟು ಸಾಂದ್ರತೆಯಲ್ಲಿ ಗಂಟೆಗಿಂತ ಹೆಚ್ಚು ಬಿಟ್ಟರೆ ನ್ಯೂಕ್ಲಿಯೋಲಸ್‌ಗೆ ಒತ್ತಡ ಬೀಳುತ್ತದೆ. ಒಟ್ಟು ಆರ್‌ಎನ್‌ಎ 60–80 ಮೈಕ್ರೋಗ್ರಾಂ, ಬಯೋಟಿನ್-ಎಚ್‌ಪಿಡಿಪಿ (ಆ ಗುರುತಿಗೆ ಬಯೋಟಿನ್ ಅಂಟಿಸುವ ರಾಸಾಯನಿಕ) ಜೊತೆ ಕೋಣೆಯ ಉಷ್ಣತೆಯಲ್ಲಿ ಒಂದೂವರೆ ಗಂಟೆ. ಅಂಟದೆ ಉಳಿದ ಬಯೋಟಿನ್ ಹೋಗಲು ಕ್ಲೋರೋಫಾರ್ಮ್ ಎರಡು ಸಲ. ಉಳಿದರೆ ಮುಂದಿನ ಹಂತದ ಮಣಿಗಳನ್ನೆಲ್ಲ ಅದೇ ತುಂಬುತ್ತದೆ. 65 ಡಿಗ್ರಿಯಲ್ಲಿ 10 ನಿಮಿಷ, ಕೂಡಲೇ ಐಸ್, ಬಯೋಟಿನ್ ಹಿಡಿಯುವ ಸ್ಟ್ರೆಪ್ಟಾವಿಡಿನ್ ಮಣಿಗಳೊಂದಿಗೆ 15 ನಿಮಿಷ. ಬಿಡಿಸಲು 100 ಮಿಲಿಮೋಲಾರ್ ಡಿಟಿಟಿ (ಬಯೋಟಿನ್ ಕೊಂಡಿ ಒಡೆಯುವ ರಾಸಾಯನಿಕ), ಅವತ್ತೇ ಕರಗಿಸಿದ್ದು. ಹಳೆಯದಾದರೆ ಆರ್‌ಎನ್‌ಎ ಮಣಿಯಲ್ಲೇ ಉಳಿಯುತ್ತದೆ. ಬಯೋಟಿನ್ ಹಾಕುವ ಮೊದಲೇ ಆರ್‌ಎನ್‌ಎಯಲ್ಲಿ ಡಿಟಿಟಿ ಇದ್ದರೆ ಕೊಂಡಿ ನಿಲ್ಲುವುದೇ ಇಲ್ಲ.

ಗುರುತು ಹಾಕದ ಒಂದು ತಟ್ಟೆಯನ್ನೂ ಕೊನೆಯವರೆಗೆ ಒಯ್ಯಿರಿ. ಅದರಿಂದ ಗಣನೀಯ ಆರ್‌ಎನ್‌ಎ ಬಂದರೆ ತೊಳೆಯುವುದು ಸಾಲದು ಎಂದರ್ಥ. 65 ಡಿಗ್ರಿಯ ಬಫರ್‌ನಲ್ಲಿ ಮೂರು ಸಲ ತೊಳೆದ ಮೇಲೆ ಕೋಣೆಯ ಉಷ್ಣತೆಯಲ್ಲಿ ಇನ್ನೂ ಮೂರು ಸಲ ತೊಳೆಯಿರಿ.